ಬತ್ತಿ ಕಾಯುವ ಕಿಟ್ಟು ಮಾವ

ಚೆನ್ನೈನ ತ್ರಿಪ್ಲಿಕೇನಿನ ಆ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋಯಿತೆಂದರೆ ಮೊದಲು ಕೇಳಿಸುವುದು ಕಿಟ್ಟು ಮಾವನ ಚಪ್ಪಲಿ ಸದ್ದು. ಯಾರ ಮನೆಯಲ್ಲಿ ಮೇಣದಬತ್ತಿ ಉರಿಯುತ್ತಿದೆಯೆಂದು ಅವರ ಮೂಗಿಗೇ ಗೊತ್ತು. ಎದುರುಮನೆಯ ಹರಿಪ್ರಿಯಾ ಬಾಗಿಲು ತೆರೆಯುವುದೇ ತಡ, "ಏನಮ್ಮಾ, ಕರ್ಟನ್ ಪಕ್ಕದಲ್ಲಾ ಬತ್ತಿ ಇಡೋದು? ಕೊಂಜಂ, ಸ್ವಲ್ಪ ದೂರ ತಳ್ಳಿ ಇಡು!" ಎಂದು ಒಳಗೆ ನುಗ್ಗುತ್ತಾರೆ. ಬತ್ತಿಯ ಕೆಳಗೊಂದು ತಟ್ಟೆ ಇಡಿಸಿ, ಕರೆಂಟ್ ಬಂದೊಡನೆ ಗಾಳಿ ಬೀಸದಂತೆ ಫ್ಯಾನಿನ ಸ್ವಿಚ್ ಆರಿಸಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೋಟೆ ಕಾಯುವವರಂತೆ ಕೂರುತ್ತಾರೆ. ಕೂತವರು ಸುಮ್ಮನಿರುವ ಪೈಕಿಯಲ್ಲ. ಅವರ ಕಥೆ ಕೇಳಲು ಇಡೀ ಮಹಡಿಯ ಮಕ್ಕಳು ಬಂದು ಸೇರಿ ಕೇಕೆ ಹಾಕುತ್ತವೆ. ಕರೆಂಟ್ ಬಂದಾಗ ಹರಿಪ್ರಿಯಾಳ ಮಗಳು ಸುಮೇಧಾ, "ತಾತಾ, ಊದಲಾಮಾ?" ಎಂದರೆ ಹೌಹಾರುತ್ತಾರೆ. "ಊದಬಾರದು ಕಣೇ, ದೀಪಕ್ಕೆ ಎಂಜಲಾಗತ್ತೆ, ಮೇಣಾನೂ ಹಾರತ್ತೆ. ಶಾಂತ ಮಾಡಬೇಕು!" ಎಂದು ಸ್ಟೀಲ್ ಲೋಟ ಕವುಚಿ, ಭಕ್ತಿಯಿಂದ ಆರಿಸುತ್ತಾರೆ. ಮೇಜಿನ ಮೇಲೆ ಮೇಣ ಬಿದ್ದಿದ್ದರಂತೂ ಮುಖ ಅರಳುತ್ತದೆ. ಐಸ್ ಒತ್ತಿ ಗಟ್ಟಿ ಮಾಡಿ, ಹಳೆಯ ಎಟಿಎಂ ಕಾರ್ಡಿನಿಂದ ದೋಸೆ ಎಬ್ಬಿಸಿದಂತೆ ಎಬ್ಬಿಸಿ ಕೈಗಿಡುತ್ತಾರೆ. ಬಟ್ಟೆಗೆ ಅಂಟಿದ್ದರೆ ಮೇಲೆ ಕಾಗದ ಹಾಸಿ ಇಸ್ತ್ರಿ ಉಜ್ಜುತ್ತಾರೆ. ಆಮೇಲೆ ಕಾಫಿ, ಮತ್ತೊಂದು ಕಥೆ. ಹೆಂಡತಿ ಹೋದ ಮೇಲೆ ಕೆಲಸವಿಲ್ಲದೆ ಯಾರ ಹೊಸ್ತಿಲನ್ನೂ ತುಳಿಯದ ಮನುಷ್ಯ ಅವರು. ಹರಿಪ್ರಿಯಾಳ ಮನೆಗೆ ಇನ್ವರ್ಟರ್ ಬಂದು ವರ್ಷವಾಯಿತು. ಈಗಲೂ ಕರೆಂಟ್ ಹೋದೊಡನೆ ಅವಳು ಅದನ್ನು ಆಫ್ ಮಾಡಿ, ಮೇಣದಬತ್ತಿ ಹಚ್ಚಿ, ಮೇಜಿನ ಮೇಲೆ ಬೇಕೆಂದೇ ಎರಡು ಹನಿ ಮೇಣ ಬೀಳಿಸಿ, ಚಪ್ಪಲಿ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಾಳೆ.