ಹುಳು ಮನೆಯ ಕಿಟಕಿಗೆ ನನ್ನ ಲೋಗೊ

ಬಿಸಿಲಿಗೆ ಕಾದ ಫ್ಲೆಕ್ಸಿನ ವಾಸನೆ ನಿಮಗೆ ಗೊತ್ತಿರಬಹುದು. ಹೊಸ ಚಪ್ಪಲಿಯದೂ ಅಲ್ಲ, ಸೀಮೆಎಣ್ಣೆಯದೂ ಅಲ್ಲ, ಎರಡೂ ಸೇರಿದಂಥದ್ದು. ಮೊನ್ನೆ ಕೆಂಚಾರ್ಲಹಳ್ಳಿಯ ಅಕ್ಕಯ್ಯಮ್ಮನವರಿಗೆ ರೇಷ್ಮೆ ಮರಿಹುಳುವಿನ ಟ್ರೇ ಇಳಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಎರಡು ವರ್ಷದಿಂದ ಅವರಿಗೆ ಹುಳು ಕೊಡುತ್ತಿದ್ದರೂ ಹಿತ್ತಲ ಕಡೆ ಹೋದವನಲ್ಲ. ಅವತ್ತು ಮುಂಬಾಗಿಲ ಎದುರು ಚರಂಡಿ ಅಗೆದಿದ್ದರಿಂದ ವ್ಯಾನನ್ನು ಸುತ್ತಿಸಿ ತಂದಿದ್ದೆ. ತಲೆ ಎತ್ತಿ ನೋಡಿದೆ. ಹುಳು ಸಾಕುವ ಮನೆಯ ಕಿಟಕಿಗೆ ಅಡ್ಡಲಾಗಿ ನಾನೇ ನೇತಾಡುತ್ತಿದ್ದೆ. ಕಪ್ಪು ಕನ್ನಡಕ, ಕುತ್ತಿಗೆಗೆ ಹೆಡ್‌ಫೋನು, ತಲೆಯ ಹಿಂದೆ ಬೆಂಕಿ ಹತ್ತಿದ ಇಂಗ್ಲಿಷ್ ಅಕ್ಷರಗಳು.

ಆ ಅಕ್ಷರಗಳು ಯಾವುವು ಎಂದು ಕೇಳಬೇಡಿ. ಒಂದು ಕಾಲಕ್ಕೆ ಅದು ನನ್ನ ಹೆಸರು, ಹಿಂದೆ 'ಡಿಜೆ' ಅಂತ ಬೇರೆ. ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಅದನ್ನು ಮಾಡಿಕೊಟ್ಟವನು ಶಿಡ್ಲಘಟ್ಟದ ನನ್ನ ಗೆಳೆಯ ಸಾದಿಕ್. ಅವರ ಮನೆಯವರೆಲ್ಲ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು. ಇವನೊಬ್ಬ ರೇಡಿಯಂ ಸ್ಟಿಕರ್ ಕತ್ತರಿಸುವ ಅಂಗಡಿ ಸೇರಿದ್ದ. ಬೈಕಿನ ನಂಬರಾಗಲಿ, ಆಟೋ ಬೆನ್ನಿನ 'ತಾಯಿಯ ಆಶೀರ್ವಾದ'ವಾಗಲಿ, ಅಕ್ಷರಗಳು ಅವನು ಹೇಳಿದ ಹಾಗೆ ಕೇಳುತ್ತಿದ್ದವು. ಆಗ ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೆ ನಾಲ್ಕು ಸ್ಪೀಕರ್ ಇದ್ದವರೆಲ್ಲ ಡಿಜೆಗಳೇ. ಎಲ್ಲರೂ ಹಾಕುವ ಹಾಡು ಒಂದೇ ಆದ್ದರಿಂದ, ನಾನು ಬೇರೆ ಎಂದು ತೋರಿಸಿಕೊಳ್ಳಲು ಲೋಗೊ ಬಿಟ್ಟರೆ ದಾರಿಯಿರಲಿಲ್ಲ. ಒಬ್ಬ ಸಿಂಹ ಹಾಕಿಸಿದ್ದ, ಇನ್ನೊಬ್ಬ ಹದ್ದಿನ ರೆಕ್ಕೆ, ಮತ್ತೊಬ್ಬನ ಅಕ್ಷರಗಳಿಂದ ರಕ್ತವೇ ತೊಟ್ಟಿಕ್ಕುತ್ತಿತ್ತು. ನಾನು ಸಾದಿಕನ ಪಕ್ಕ ಸ್ಟೂಲು ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಅಕ್ಷರ ಆರಿಸಿದೆ. ಆಮೇಲೆ ಹೆಣ್ಣು ನೋಡಲು ಹೋದಾಗಲೂ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ದುಂಡಗಿದ್ದರೆ ಬೇಕರಿ ಬೋರ್ಡಿನ ಹಾಗೆ, ನೆಟ್ಟಗಿದ್ದರೆ ಬ್ಯಾಂಕಿನ ಹಾಗೆ ಎಂದು ಅವನು ಒಂದೊಂದನ್ನೇ ತಳ್ಳಿಹಾಕಿದ. ಕೊನೆಗೆ ಮೂಡಿದ್ದು ಕತ್ತಿಯಂಥ ತುದಿಗಳ, ಒಂದಕ್ಕೊಂದು ಹೆಣೆದುಕೊಂಡ, ನೆತ್ತಿಯಲ್ಲಿ ಜ್ವಾಲೆ ಏಳುವ ಅಕ್ಷರಗಳು. ಓದಲು ಬರುವುದಿಲ್ಲವಲ್ಲೋ ಎಂದೆ.

"ಓದಕ್ಕಲ್ಲ ಕಣೋ ಇದು," ಎಂದ ಸಾದಿಕ್. "ದೂರದಿಂದ ನೋಡ್ದೋರು ನೀನು ಬಂದೆ ಅನ್ಬೇಕು, ಅಷ್ಟೇ."

ಸ್ಪೀಕರಿಗೆ, ಟೀ ಶರ್ಟಿಗೆ, ಬೈಕಿಗೆ, ಕೊನೆಗೆ ಅಮ್ಮನ ಗ್ರೈಂಡರಿಗೂ ಅದನ್ನು ಅಂಟಿಸಿದೆ. ಅಪ್ಪ ಫ್ಲೆಕ್ಸನ್ನು ಅಂಗಳದಲ್ಲಿ ಹರಡಿ ನೋಡಿ, ಸುಟ್ಟುಹೋಗುವ ಮುಂಚೆ ಇಲ್ಲಿ ಏನು ಬರೆದಿತ್ತು ಎಂದು ವಿಚಾರಿಸಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯವೂ ಬಂದಿರಲಿಲ್ಲ, ಕೊಡೆ ಮಾತ್ರ ಹಿಡಿದಿದ್ದೆ.

ಒಪ್ಪಿಕೊಂಡ ಮದುವೆಗೆಲ್ಲ ವಧೂವರರಿಗೆ ಶುಭ ಕೋರುವ ನೆಪದಲ್ಲಿ ನನ್ನ ಮುಖದ ಫ್ಲೆಕ್ಸ್ ಕಟ್ಟಿಸುತ್ತಿದ್ದೆ. ಮದುವೆ ಮುಗಿದ ಮೇಲೆ ಬಿಚ್ಚಲು ಹೋದರೆ ಅದು ಅಲ್ಲಿರುತ್ತಿರಲಿಲ್ಲ. ನಮ್ಮ ಕಡೆ ಫ್ಲೆಕ್ಸ್ ಎಂದೂ ಹಾಳಾಗುವುದಿಲ್ಲ, ಕೊಟ್ಟಿಗೆಗೆ ಸೂರಾಗುತ್ತದೆ, ಸೌದೆಗೆ ಹೊದಿಕೆಯಾಗುತ್ತದೆ. ಹುಟ್ಟುಹಬ್ಬ ಆಚರಿಸಿಕೊಂಡ ಮುಖಂಡರು ಟೊಮೆಟೊ ಕ್ರೇಟುಗಳ ಮೇಲೆ ಕೈಮುಗಿದು ಮಲಗಿರುತ್ತಾರೆ. ಹೀಗಾಗಿ ನಾನು ಡಿಜೆ ಬಿಟ್ಟರೂ ಲೋಗೊ ನನ್ನನ್ನು ಬಿಡಲಿಲ್ಲ. ಮಂಡಿಕಲ್ ಹತ್ತಿರ ಒಂದು ನೀರಿನ ತೊಟ್ಟಿಯ ಮೇಲೆ ಅಂಗಾತ ಬಿದ್ದಿದ್ದೆ. ಸ್ಕಂದಗಿರಿ ಬುಡದಲ್ಲಿ ಎಮ್ಮೆಯೊಂದು ನನ್ನ ಕೆನ್ನೆಗೆ ಮೈ ಉಜ್ಜಿಕೊಳ್ಳುವುದನ್ನು ಬೆಟ್ಟ ಹತ್ತಲು ಬಂದವರು ಸಾಲಾಗಿ ನಿಂತು ಫೋಟೊ ತೆಗೆಯುತ್ತಿದ್ದರು.

ವಯಸ್ಸಿನ ಹುಚ್ಚು, ಅದಕ್ಕೆ ಇಷ್ಟು ನಾಚಿಕೆಯೇ ಎನ್ನಬೇಡಿ. ಈಗ ನಾನು ಚಾಕಿ ಹುಳು ಸಾಕಿ ಕೊಡುವವನು. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡು ಜ್ವರ ಕಳೆಯುವವರೆಗೆ ನೋಡಿಕೊಂಡು ರೈತರಿಗೆ ಒಪ್ಪಿಸುವುದು ನನ್ನ ಕೆಲಸ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಆಗ ಮನೆಯವರು ಜೋರಾಗಿ ಮಾತು ಕೂಡ ಆಡುವುದಿಲ್ಲ. ಹುಳು ಕೊಡುವವನ ಕೈಗುಣವನ್ನಂತೂ ಎಲ್ಲರೂ ನೋಡುತ್ತಾರೆ. ಡಿಜೆ ಸದ್ದಿಗೆ ಹುಳು ಕೆಡುತ್ತದೆಂದು ನಂಬಿದ ಊರುಗಳಲ್ಲಿ, ಅಂದು ಗೋಡೆ ನಡುಗಿಸಿದವನು ನಾನೇ ಎಂದು ಗೊತ್ತಾದರೆ ನನ್ನ ಟ್ರೇ ಮುಟ್ಟುವವರು ಯಾರು? ಅದಕ್ಕೇ ವ್ಯಾನಿನಲ್ಲಿ ಯಾವಾಗಲೂ ಹೊಸ ಟಾರ್ಪಾಲು ಇರುತ್ತದೆ. ಫ್ಲೆಕ್ಸ್ ಕಂಡಲ್ಲಿ, ಹಳೆಯದು ಹರಿದಿದೆ, ಇದನ್ನು ಹಾಕಿಕೊಳ್ಳಿ ಎಂದು ಧಾರಾಳತನ ತೋರಿಸಿ, ನನ್ನನ್ನು ನಾನೇ ಸುರುಳಿ ಸುತ್ತಿಕೊಂಡು ಬರುತ್ತೇನೆ. ಎಷ್ಟು ಊರು ಅಂತ ಮುಚ್ಚಿಡುತ್ತೀರಿ ಎಂದು ಹೆಂಡತಿ ನಗುತ್ತಾಳೆ.

ಅಕ್ಕಯ್ಯಮ್ಮನವರ ಮುಂದೆಯೂ ಟಾರ್ಪಾಲು ಬಿಚ್ಚಿದೆ. ಅವರು ಬೇಡವೆಂದರು.

"ಆ ಬೋರ್ಡು ತೆಗೆಯಲ್ಲ ಕಣಪ್ಪ. ಆ ಹುಡುಗ ಒಳ್ಳೇವ್ನು."

ನಾನು ಆ ಹುಡುಗನ ಕೆಳಗೇ ನಿಂತಿದ್ದೆ. ಹೊಟ್ಟೆ ಬಂದು ಕೂದಲು ಹೋಗಿರುವುದರಿಂದ ಅವರಿಗೆ ಗುರುತು ಹತ್ತಲಿಲ್ಲ. ಅವರು ಹೇಳಿದ್ದು ಇಷ್ಟು. ಹಿಂದೊಮ್ಮೆ ಎದುರು ಮನೆಯ ಮದುವೆ ಮೆರವಣಿಗೆ ಇವರ ಬಾಗಿಲಿಗೆ ಬಂದಾಗ ಒಳಗೆ ಹುಳುಗಳು ಜ್ವರಕ್ಕೆ ಕೂತಿದ್ದವು. ಇವರು ಓಡಿಬಂದು, ಸ್ಪೀಕರ್ ಗಾಡಿಯ ಮೇಲಿದ್ದ ಹುಡುಗನಿಗೆ ಕೈಮುಗಿದು ಬೇಡಿಕೊಂಡರು. ಅವನು ಥಟ್ಟನೆ ಹಾಡು ನಿಲ್ಲಿಸಿದ. ಕುಣಿಯುತ್ತಿದ್ದವರು ಬಾಯಿಗೆ ಬಂದಂತೆ ಬೈದರೂ ಮತ್ತೆ ಹಾಕಲಿಲ್ಲ. ಆ ಸಲ ಬಂದಂಥ ಗೂಡು ಆಮೇಲೆ ಬರಲೇ ಇಲ್ಲವಂತೆ. ಮಾರನೆಯ ದಿನ ಇವರೇ ಹೋಗಿ ಅವನ ಬೋರ್ಡು ಬಿಚ್ಚಿ ತಂದು ಕಿಟಕಿಗೆ ಕಟ್ಟಿದ್ದರು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಹೆಂಗಸೊಬ್ಬರು ಕೈಮುಗಿದದ್ದೂ ನೆನಪಿದೆ, ಮುಖವೂ ಮನೆಯೂ ಮಾತ್ರ ಮರೆತಿದ್ದವು. ಅವರ ಮಾತು ನನಗೆ ಕೇಳಿಸಿರಲಿಲ್ಲ. ಅಭಿಮಾನದಿಂದ ಕೈಮುಗಿಯುತ್ತಿದ್ದಾರೆಂದು ತಿಳಿದು, ಅವರನ್ನು ಖುಷಿಪಡಿಸಲು ಸದ್ದನ್ನು ಇನ್ನಷ್ಟು ಏರಿಸಿದ್ದೆ. ಏರಿಸಿದ್ದೇ ತಡ, ಜನರೇಟರ್ ಕೆಟ್ಟು ಕೂತಿತು.

ಸುಮ್ಮನಿದ್ದರೆ ಸಾಕಿತ್ತು. ಆ ಹುಡುಗ ನಾನೇ ಎಂದಷ್ಟೇ ಹೇಳಿದ್ದರೆ ಇನ್ನೂ ಲಾಭ, ನನ್ನ ಕೈಗುಣಕ್ಕೆ ಊರಲ್ಲೊಂದು ಸಾಕ್ಷಿ ಸಿಗುತ್ತಿತ್ತು. ಆದರೆ ಇಷ್ಟು ವರ್ಷ ಆ ಬೆಂಕಿ ಅಕ್ಷರಗಳನ್ನು ಕಂಡು ಪಟ್ಟ ನಾಚಿಕೆಯೆಲ್ಲ ಸೇರಿದರೂ ಈ ಹೊಗಳಿಕೆಗೆ ಆದ ನಾಚಿಕೆಯಷ್ಟಾಗಲಿಲ್ಲ.

"ಆ ಹುಡುಗ ನಾನೇ ಕಣಮ್ಮ," ಎಂದೆ. "ನಾನು ನಿಲ್ಲಿಸ್ಲಿಲ್ಲ. ಜನರೇಟರ್ ಕೆಟ್ಟೋಯ್ತು."

ಅವರು ಫ್ಲೆಕ್ಸ್ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ನಾನು ತಂದ ಟ್ರೇಗಳನ್ನು ಅವರು ಯಾವತ್ತೂ ತೆರೆದು ನೋಡಿದವರಲ್ಲ. ನೀನು ತಂದಿದ್ದೀಯಲ್ಲ, ಸಾಕು ಎಂದು ನೇರ ಒಳಗಿಡಿಸುತ್ತಿದ್ದರು. ಅವತ್ತು ಒಗೆಯುವ ಕಲ್ಲಿನ ಮೇಲೆ ಕೂತು, ಒಂದೊಂದೇ ಟ್ರೇ ಎಳೆದುಕೊಂಡು, ಕಾಗದ ಸರಿಸಿ, ಸೊಪ್ಪು ಎತ್ತಿ ಹುಳುಗಳನ್ನು ನೋಡತೊಡಗಿದರು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನ ಹಾಗೆ ನಾನು ಪಕ್ಕದಲ್ಲಿ ನಿಂತಿದ್ದೆ.

ಎಲ್ಲ ನೋಡಿ ಮುಗಿಸಿ, ಹುಳು ಚೆನ್ನಾಗಿವೆ, ಒಳಗಿಡು ಎಂದರು. ಫ್ಲೆಕ್ಸ್ ತೆಗೆದುಬಿಡಲೇ ಎಂದು ಕೇಳಿದೆ. ಇರಲಿ, ಬಿಸಿಲು ತಡೆಯುತ್ತದೆ ಎಂದರು. ಟ್ರೇಗಳನ್ನೆಲ್ಲ ಒಳಗಿಟ್ಟು ವ್ಯಾನಿನ ಬಾಗಿಲು ಹಾಕಿದ ಮೇಲೂ ಹೊರಡಲಾಗಲಿಲ್ಲ. ಮುಂದಿನ ಬೆಳೆಗೆ ಹುಳು ನಾನೇ ತರಲೇ ಎಂದು ಕೇಳುವಾಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

"ತಗೊಂಬಾ," ಎಂದರು. "ನೋಡಿ ಇಳಿಸ್ಕೋತೀನಿ."