ಬೋಜಪ್ಪನ ಟೋಪಿ

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಹುದಿಕೇರಿ ಕಡೆಯ ಬೋಜಪ್ಪ ಪಕ್ಷದ ಟೋಪಿಯನ್ನು ತೆಗೆಯುತ್ತಿದ್ದದ್ದು ಸ್ನಾನಕ್ಕೆ ಮಾತ್ರ, ಅದೂ ಹೆಂಡತಿ ಪೂವಮ್ಮ ಗದರಿದ ಮೇಲೆ. ಎದುರು ಪಕ್ಷದವರ ಹೋಟೆಲಿನ ಕಾಫಿ ಅವನಿಗೆ ಕುಡಿಯುವ ಮೊದಲೇ ಕಹಿ. ಅವರ ಹಸು ಗದ್ದೆಗೆ ನುಗ್ಗಿದರೆ ಅದೂ ರಾಜಕೀಯ. “ಪಕ್ಷ ಅಂದ್ರೆ ಹೆತ್ತ ತಾಯಿ ಕಣೇ” ಎನ್ನುತ್ತಿದ್ದ. ಹಾಗಾಗಿ, ಜೇನಿಗೆ ಬೆಲ್ಲದ ಪಾಕ ಬೆರೆಸಿದನೆಂದು ಜೇನು ಸೊಸೈಟಿಯ ಅಧ್ಯಕ್ಷನ ವಿಚಾರಣೆ ಸದಸ್ಯರ ಸಭೆಯಲ್ಲಿ ನಡೆದಾಗ, ಅಧ್ಯಕ್ಷ ಬೋಜಪ್ಪನದೇ ಪಕ್ಷದವನಾದ್ದರಿಂದ, ಅವನ ಓಟು ಯಾರ ಕಡೆಗೆಂದು ಯಾರೂ ಕೇಳಲಿಲ್ಲ. ಬೋಜಪ್ಪ ಸೊಸೈಟಿಯ ಜೇನಿನ ಬಾಟಲಿಯಿಂದ ಒಂದು ತೊಟ್ಟು ನಾಲಗೆಗಿಟ್ಟು ನೋಡಿ, ಅಧ್ಯಕ್ಷನನ್ನು ಇಳಿಸಲು ಎಲ್ಲರಿಗಿಂತ ಮೊದಲು ಕೈ ಎತ್ತಿದ. “ಹಂಗಾದ್ರೆ ಟೋಪಿ ತೆಗಿ” ಎಂದರು ಪಕ್ಷದವರು. ಅವನು ಕೊಟ್ಟ ಉತ್ತರವನ್ನು ಪೂವಮ್ಮ ಇವತ್ತಿಗೂ ತಲೆಯೆತ್ತಿ ಹೇಳುತ್ತಾಳೆ: “ಟೋಪಿ ಇರೋದು ನಾನು ಹಾಕ್ಕೊಳ್ಳೋಕೆ, ಊರಿಗೆ ಹಾಕೋಕಲ್ಲ.”