ಟೇಪೋ ಸಿಡಿಯೋ

ಸೋದರಮಾವನ ಕಣ್ಣಿಗೆ ಟವೆಲ್ ಬಿಗಿದವನು ನಾನೇ. ಅಫಜಲಪುರದ ಅವರ ಪಡಸಾಲೆಯಲ್ಲಿ ಹೊಸ ಸಿಡಿ ಪ್ಲೇಯರೂ ಹಳೇ ಟೇಪ್‌ರೆಕಾರ್ಡರೂ ಒಂದೇ ಜೋಡಿ ಸ್ಪೀಕರಿಗೆ ಅಂಟಿಕೊಂಡು ಕೂತಿದ್ದವು. ಎರಡರಲ್ಲೂ ಅದೇ ಗಾಯಕರು, ಅವೇ ವಚನಗಳು. ಕಣ್ಣು ಮುಚ್ಚಿ ಕೇಳಿ ಯಾವುದು ಯಾವುದೆಂದು ಮಾವ ಸರಿಯಾಗಿ ಹೇಳಿದರೆ ಟೇಪು ಮನೆಯಿಂದ ಆಚೆ, ತಪ್ಪಿದರೆ ಇಲ್ಲೇ. ಟೇಪನ್ನು ಗುಜರಿಗೆ ಹಾಕಲು ಹೊರಟಿದ್ದ ಮಾವನಿಗೆ ಇದು ಅತ್ತೆಯ ಷರತ್ತು.

ಟೇಪಿನೊಳಗಿನ ಕ್ಯಾಸೆಟ್ಟು, ಮಾವನ ಅಪ್ಪ, ತೀರಿಹೋದ ನಮ್ಮಜ್ಜ, ರೇಡಿಯೊದ ಮುಂದೆ ಟೇಪಿಟ್ಟು ತುಂಬಿಸಿಕೊಂಡದ್ದು. ಎರಡನೇ ವಚನದ ನಡುವೆ ಅವರ ಕೆಮ್ಮೂ ಸೇರಿತ್ತು.

ನಾನು ಸಿಡಿ ಹಚ್ಚಿದೆ. ಮಾವ ಡಾಕ್ಟರರ ಹಾಗೆ ಕಿವಿಗೊಟ್ಟು ಕೂತರು. ಮೊದಲ ವಚನ ಮುಗಿದು ಎರಡನೆಯದು ಬಂತು.

"ಸುಯ್ ಅನ್ನೂದ ಇಲ್ಲ ನೋಡ್ರಿ. ಎಷ್ಟ ಸ್ವಚ್ಛ ಅದ! ಇದು..."

ಊರವರ ಕೆಮ್ಮು, ಸೀನು, ಆಕಳಿಕೆ ಅಣಕಿಸುವುದೇ ನನ್ನ ಉದ್ಯೋಗ. ನನ್ನ ಸ್ವಂತ ದನಿ ಯಾವುದೆಂದು ನನಗೇ ನೆನಪಿಲ್ಲ. ಕ್ಯಾಸೆಟ್ಟಿನಲ್ಲಿ ಅಜ್ಜ ಕೆಮ್ಮಿದ್ದ ಜಾಗ ಬಂದದ್ದೇ ಅವರ ಹಾಗೆ ಕೆಮ್ಮಿದೆ.

"ಟೇಪು!" ಅಂದುಬಿಟ್ಟರು ಮಾವ.

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಮಾವ ಟವೆಲ್ ಬಿಚ್ಚಿ, ತಿರುಗುತ್ತಿದ್ದ ಸಿಡಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಬೈಗುಳ ಬರುತ್ತದೆಂದು ನಾನಾಗಲೇ ಬಾಗಿಲಿನತ್ತ ಸರಿದಿದ್ದೆ. ಅವರು ಬೈಯಲಿಲ್ಲ. ಅದೇ ವಚನವನ್ನು ಮೊದಲಿಂದ ಹಚ್ಚಿದರು.

"ಲೇ ಮಂಗ್ಯಾ, ಇನ್ನೊಮ್ಮೆ ಕೆಮ್ಮು."

ಟೇಪು ಆ ಮನೆಯಲ್ಲೇ ಉಳಿಯಿತು. ಎಷ್ಟೋ ಜನರನ್ನು ಅಣಕಿಸಿದ್ದೇನೆ. ಯಾರೂ ನಗದೆ ಹೋದದ್ದು ಆ ಎರಡನೇ ಕೆಮ್ಮಿಗೆ ಮಾತ್ರ. ನಾನೂ ನಗಲಿಲ್ಲ.